ಗಂಟೆಗೆ ಹತ್ತು ಮಿಲಿಸೆಕೆಂಡ್

2014ರಲ್ಲಿ ನೆಟ್‌ಫ್ಲಿಕ್ಸ್ ಎಂಜಿನಿಯರುಗಳನ್ನು ಒಂದು ಸಮಸ್ಯೆ ಕಾಡಿತು. ಕಂಪನಿಯ ಹೊಸ ವೆಬ್‌ಸೈಟನ್ನು ಅವರು ನೋಡ್‌ಜೆಎಸ್ ಮೇಲೆ ಕಟ್ಟುತ್ತಿದ್ದರು. ಅಂದರೆ ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟನ್ನೇ ಸರ್ವರಿನಲ್ಲೂ ಓಡಿಸುವ ವ್ಯವಸ್ಥೆ. ಸರ್ವರ್ ಶುರುವಾದ ಹೊತ್ತಿನಲ್ಲಿ ಎಲ್ಲವೂ ಚುರುಕು. ರಿಕ್ವೆಸ್ಟ್ ಬಂದ ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಹೊರಡುತ್ತಿತ್ತು. ಒಂದು ಗಂಟೆ ಬಿಟ್ಟು ನೋಡಿದರೆ ಅದೇ ಕೆಲಸಕ್ಕೆ ಹತ್ತು ಮಿಲಿಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಇನ್ನೊಂದು ಗಂಟೆಗೆ ಮತ್ತೆ ಹತ್ತು. ರೀಬೂಟ್ ಮಾಡಿದರೆ ಮೊದಲಿನ ಚುರುಕು ಮರಳುತ್ತಿತ್ತು, ಆಮೇಲೆ ಮತ್ತೆ ಅದೇ ಏರಿಕೆ. ಹೊತ್ತು ಕಳೆದಂತೆ ನಿಧಾನವಾಗುವ ಪ್ರೋಗ್ರಾಂ ಕಂಡರೆ ಯಾರಿಗಾದರೂ ಮೊದಲು ಅನುಮಾನ ಬರುವುದು ಮೆಮೊರಿ ಸೋರಿಕೆಯ ಮೇಲೆ. ಅದನ್ನು ನೋಡಿಯಾಯಿತು, ಮೆಮೊರಿ ಬಳಕೆ ಇದ್ದಲ್ಲೇ ಇತ್ತು. ಸಿಪಿಯು ಬಳಕೆ ಮಾತ್ರ ವಿಳಂಬದ ಜೊತೆಜೊತೆಗೇ ಏರುತ್ತಿತ್ತು. ಏನೋ ಒಂದು ಕೆಲಸ ಗಂಟೆಗಂಟೆಗೆ ಬೆಳೆಯುತ್ತಿತ್ತು, ಎಲ್ಲಿ ಎಂಬುದು ಗೊತ್ತಾಗುತ್ತಿರಲಿಲ್ಲ.

ಅದು ಎಲ್ಲಿ ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇನೆ. ಸರ್ವರಿನಲ್ಲಿ ನಿಧಾನ ಹುಟ್ಟುವ ಜಾಗ ಒಂದು, ಅದು ಕಣ್ಣಿಗೆ ಬೀಳುವ ಜಾಗ ಇನ್ನೊಂದು. ನೋಡ್‌ಜೆಎಸ್‌ನಲ್ಲಿ ಈ ಎರಡರ ನಡುವಿನ ದೂರ ಬೇರೆ ಕಡೆಗಿಂತ ಹೆಚ್ಚು. ಯಾಕೆ ಹಾಗೆ ಎಂದು ತಿಳಿಯಬೇಕಾದರೆ ಅದನ್ನು ಯಾಕಾಗಿ ಕಟ್ಟಿದರು ಎಂಬಲ್ಲಿಂದ ಶುರು ಮಾಡಬೇಕು.

1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಎಂಜಿನಿಯರ್ ಒಂದು ಪ್ರಶ್ನೆ ಎತ್ತಿದ್ದರು: ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಜನರ ಸಂಪರ್ಕವನ್ನು ನಿಭಾಯಿಸುವುದು ಹೇಗೆ? ಆಗಿನ ಸರ್ವರುಗಳಲ್ಲಿ ಬಹಳಷ್ಟು, ಬಂದ ಪ್ರತಿಯೊಂದು ಸಂಪರ್ಕಕ್ಕೂ ಒಂದೊಂದು ಥ್ರೆಡ್ಡನ್ನೋ ಪ್ರೊಸೆಸ್ಸನ್ನೋ ಮೀಸಲಿಡುತ್ತಿದ್ದವು. ಆ ಥ್ರೆಡ್ ತನ್ನ ಆಯುಷ್ಯದ ಬಹುಪಾಲನ್ನು ಕಾಯುವುದರಲ್ಲೇ ಕಳೆಯುತ್ತಿತ್ತು. ಡೇಟಾಬೇಸ್ ಉತ್ತರಿಸಲಿ, ಡಿಸ್ಕ್ ಓದಲಿ, ಆ ಕಡೆಯ ಮೊಬೈಲ್ ಡೇಟಾ ಕಳಿಸಲಿ ಎಂದು ಕಾಯುವುದು. ಕಾಯುವವರ ಸಂಖ್ಯೆ ಹೆಚ್ಚಿದಷ್ಟೂ ಮೆಮೊರಿ ಖರ್ಚು. 2009ರ ನವೆಂಬರಿನಲ್ಲಿ ಬರ್ಲಿನ್‌ನ ಜೆಎಸ್‌ಕಾನ್ಫ್ ಸಮ್ಮೇಳನದಲ್ಲಿ ರಯಾನ್ ಡಾಲ್ ನೋಡ್‌ಜೆಎಸ್ ತೋರಿಸಿದಾಗ ಮುಂದಿಟ್ಟ ಉತ್ತರ ಬೇರೆ. ಜಾವಾಸ್ಕ್ರಿಪ್ಟ್ ಓಡಿಸಲು ಒಂದೇ ಥ್ರೆಡ್ ಸಾಕು, ಆದರೆ ಅದು ಯಾವುದಕ್ಕೂ ನಿಂತು ಕಾಯಬಾರದು.

ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್ ಮಾಡುವುದು ಇದನ್ನೇ. ತುಂಬಿದ ಬಸ್ಸಿನಲ್ಲಿ ಯಾರೋ ಐನೂರರ ನೋಟು ಕೊಟ್ಟರೆ ಅವರು ಚಿಲ್ಲರೆ ಹುಡುಕುತ್ತ ನಿಲ್ಲುವುದಿಲ್ಲ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು ಮುಂದಿನ ಸೀಟಿಗೆ ಹೋಗುತ್ತಾರೆ. ಚಿಲ್ಲರೆ ಸೇರಿದಾಗ ಬಂದು ಕೊಡುತ್ತಾರೆ. ಹಾಗಾಗಿಯೇ ಒಬ್ಬರೇ ಅರವತ್ತು ಜನರನ್ನು ಸುಧಾರಿಸಬಲ್ಲರು. ಆದರೆ ಒಬ್ಬ ಪ್ರಯಾಣಿಕ ನಾಣ್ಯದ ಚೀಲ ಕೊಟ್ಟು ಇಲ್ಲೇ ಎಣಿಸಿ ಎಂದು ಹಟ ಹಿಡಿದರೆ ಇಡೀ ಬಸ್ಸಿನ ಟಿಕೆಟ್ ನಿಲ್ಲುತ್ತದೆ. ಬಾಕಿ ಬರೆದಿಟ್ಟು ಮುಂದೆ ಹೋಗುವ ಆ ಸುತ್ತಿಗೆ ನೋಡ್‌ನಲ್ಲಿ ಇವೆಂಟ್ ಲೂಪ್ ಎಂದು ಹೆಸರು. ನಿಂತು ಎಣಿಸಬೇಕಾದ ಕೆಲಸ ಬಂದಾಗ ಆ ಲೂಪ್ ಬ್ಲಾಕ್ ಆಯಿತು ಎನ್ನುತ್ತಾರೆ.

ಹಾಗಾಗಿ ನೋಡ್ ಸರ್ವರಿನಲ್ಲಿ ನಿಧಾನಕ್ಕೆ ಎರಡು ಜಾತಿ. ಒಂದು, ಬೇರೆಯವರಿಗಾಗಿ ಕಾಯುವುದು. ಇನ್ನೊಂದು, ತಾನೇ ಕೆಲಸದಲ್ಲಿ ಮುಳುಗಿರುವುದು. ಕಾಯುವಾಗ ಲೂಪ್ ಬಿಡುವಾಗಿರುತ್ತದೆ, ತೊಂದರೆ ಆ ಒಂದು ರಿಕ್ವೆಸ್ಟಿಗೆ ಮಾತ್ರ. ಮುಳುಗಿದಾಗ ಆ ರಿಕ್ವೆಸ್ಟಿಗೂ ತಮಗೂ ಸಂಬಂಧವೇ ಇಲ್ಲದ ನೂರಾರು ಜನ ಕಾಯಬೇಕು. ಗ್ರಾಫಿನಲ್ಲಿ ನಿಧಾನವಾಗಿ ಕಾಣುವುದು ಅವರ ರಿಕ್ವೆಸ್ಟುಗಳೇ. ಕಾರಣವಾದ ರಿಕ್ವೆಸ್ಟ್ ಅವುಗಳ ನಡುವೆ ಒಂದಾಗಿ ಅಡಗಿ ಹೋಗುತ್ತದೆ. ಹತ್ತು ಪುಟಗಳ ವರದಿ ಎಕ್ಸ್‌ಪೋರ್ಟ್ ಮಾಡುವ ಒಬ್ಬ ಮ್ಯಾನೇಜರ್‌ನಿಂದಾಗಿ ಲಾಗಿನ್ ಪುಟ ನಿಧಾನವಾದರೆ, ತಂಡದವರು ಎರಡು ದಿನ ಲಾಗಿನ್ ಕೋಡನ್ನೇ ತಡಕಾಡುತ್ತಾರೆ.

ಲೂಪನ್ನು ಹಿಡಿದು ನಿಲ್ಲಿಸುವ ಕೆಲಸಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಜೇಸನ್. ಡೇಟಾವನ್ನು ಪಠ್ಯವಾಗಿಸುವುದು, ಪಠ್ಯವನ್ನು ಮತ್ತೆ ಡೇಟಾವಾಗಿಸುವುದು ಪ್ರತಿ ರಿಕ್ವೆಸ್ಟಿನಲ್ಲೂ ನಡೆಯುವುದರಿಂದ ಅದಕ್ಕೆ ಬೆಲೆ ಇದೆ ಎಂಬುದೇ ಮರೆತುಹೋಗುತ್ತದೆ. ನೋಡ್‌ನ ಅಧಿಕೃತ ಮಾರ್ಗದರ್ಶಿಯಲ್ಲೇ ಒಂದು ಉದಾಹರಣೆ ಇದೆ. 50 ಎಂಬಿಯ ಜೇಸನ್ ಪಠ್ಯ ತಯಾರಿಸಲು 0.7 ಸೆಕೆಂಡ್, ಅದನ್ನು ಮತ್ತೆ ಬಿಡಿಸಲು 1.3 ಸೆಕೆಂಡ್. ಆ ಎರಡು ಸೆಕೆಂಡಿನಲ್ಲಿ ಸರ್ವರ್ ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ. ನಿಮ್ಮ ಉತ್ತರ 50 ಎಂಬಿ ಇರಲಿಕ್ಕಿಲ್ಲ. ಆದರೆ ಅರ್ಧ ಎಂಬಿಯ ಉತ್ತರವನ್ನು ಸೆಕೆಂಡಿಗೆ ನೂರು ಸಲ ತಯಾರಿಸಿದರೂ ಲೆಕ್ಕ ಅಷ್ಟೇ ಆಗುತ್ತದೆ. ಮೊಬೈಲ್ ಆ್ಯಪ್ ತೋರಿಸುವುದು ಹೆಸರು ಮತ್ತು ಬೆಲೆ ಎರಡನ್ನೇ ಆದರೂ ಡೇಟಾಬೇಸಿನ ನಲವತ್ತು ಕಾಲಂಗಳನ್ನೂ ಕಳಿಸುವ ಎಪಿಐಗಳು ನಮ್ಮಲ್ಲಿ ಬೇಕಾದಷ್ಟಿವೆ. ನನ್ನ ಅಭಿಪ್ರಾಯದಲ್ಲಿ ಯಾವ ಹೊಸ ತಂತ್ರಜ್ಞಾನಕ್ಕೂ ಮೊದಲು ಕೈ ಹಾಕಬೇಕಾದ ಜಾಗ ಇದು.

ಇನ್ನೊಂದು ಅಪಾಯ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಒಂದು ವಿನ್ಯಾಸವನ್ನು ಹುಡುಕುವ ಸೂತ್ರ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ತಾಣ 34 ನಿಮಿಷ ಸ್ಥಗಿತವಾಯಿತು. ಸಾಲಿನ ಆರಂಭ ಮತ್ತು ಕೊನೆಯ ಖಾಲಿ ಜಾಗ ತೆಗೆಯುವ ಒಂದು ಪುಟ್ಟ ರೆಗ್ಯುಲರ್ ಎಕ್ಸ್‌ಪ್ರೆಶನ್ ಅದಕ್ಕೆ ಕಾರಣ. ಯಾರೋ ಹಾಕಿದ ಬರಹವೊಂದರಲ್ಲಿ ಸಾಲಾಗಿ ಸುಮಾರು ಇಪ್ಪತ್ತು ಸಾವಿರ ಖಾಲಿ ಅಕ್ಷರಗಳಿದ್ದವು, ಅವುಗಳ ನಂತರ ಬೇರೊಂದು ಅಕ್ಷರ. ಎಂಜಿನ್ ಮೊದಲ ಖಾಲಿ ಜಾಗದಿಂದ ಹೊರಟು ಇಪ್ಪತ್ತು ಸಾವಿರ ಹೆಜ್ಜೆ ನಡೆದು, ಸಾಲಿನ ಕೊನೆ ಇದಲ್ಲ ಎಂದು ಹಿಂದಿರುಗಿ, ಎರಡನೆಯದರಿಂದ ಮತ್ತೆ ಹೊರಟಿತು. ಹೀಗೆ ಸುಮಾರು 20 ಕೋಟಿ ಸಲ ಪರೀಕ್ಷೆ. ಆ ಬರಹ ಮುಖಪುಟದಲ್ಲಿ ಕಾಣಿಸಿಕೊಂಡಿದ್ದರಿಂದ, ಸರ್ವರ್ ಬದುಕಿದೆಯೇ ಎಂದು ಮುಖಪುಟವನ್ನೇ ಕೇಳಿ ನೋಡುತ್ತಿದ್ದ ಲೋಡ್ ಬ್ಯಾಲೆನ್ಸರ್ ಎಲ್ಲ ಸರ್ವರುಗಳೂ ಸತ್ತಿವೆ ಎಂದು ತೀರ್ಮಾನಿಸಿತು. ಸ್ಟ್ಯಾಕ್ ಓವರ್‌ಫ್ಲೋ ಓಡುವುದು ಮೈಕ್ರೋಸಾಫ್ಟಿನ ಡಾಟ್‌ನೆಟ್ ಮೇಲೆ, ಜಾವಾಸ್ಕ್ರಿಪ್ಟಿನಲ್ಲಿ ಅಲ್ಲ. ಆದರೆ ಕ್ರೋಮ್ ಮತ್ತು ನೋಡ್ ಎರಡರ ಹೃದಯವಾಗಿರುವ ವಿ8 ಎಂಜಿನ್ ಕೂಡ ಹೀಗೆಯೇ ಮುಂದೆ ಹೋಗಿ ಹಿಂದೆ ಬಂದು ಹುಡುಕುತ್ತದೆ. ಅಲ್ಲಿ ಹಲವು ಥ್ರೆಡ್ಡುಗಳಿದ್ದೂ ತಾಣ ನಿಂತಿತು. ಇಲ್ಲಿ ಇರುವುದು ಒಂದೇ ಥ್ರೆಡ್. ಬಳಕೆದಾರ ಬರೆದ ಪಠ್ಯದ ಮೇಲೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಓಡಿಸುವ ಮುನ್ನ ಆ ಪಠ್ಯದ ಉದ್ದಕ್ಕೆ ಮಿತಿ ಹಾಕುವುದು ಎರಡು ಸಾಲಿನ ಕೆಲಸ. ಅದನ್ನು ಬಿಡಬಾರದು.

ಒಂದೇ ಥ್ರೆಡ್ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬಹಳ ಜನ ಅನುಭವಿಗಳೂ ಎಡವುವ ಜಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ನೋಡ್‌ನ ಕೆಳಗೆ ಲಿಬ್‌ಯುವಿ ಎಂಬ ಸಿ ಭಾಷೆಯ ಲೈಬ್ರರಿ ಇದೆ. ನೆಟ್‌ವರ್ಕ್ ಸಂಪರ್ಕಗಳನ್ನು ಅದು ಆಪರೇಟಿಂಗ್ ಸಿಸ್ಟಮಿಗೆ ಒಪ್ಪಿಸುತ್ತದೆ. ಅದಕ್ಕೆ ಹೆಚ್ಚಿನ ಥ್ರೆಡ್ ಬೇಡ. ಆದರೆ ಫೈಲ್ ಓದುವುದು, ಪಾಸ್‌ವರ್ಡಿನ ಹ್ಯಾಶ್ ಲೆಕ್ಕ ಹಾಕುವುದು, ಜಿಜಿಪ್ ಮಾಡಿ ಕುಗ್ಗಿಸುವುದು, ಒಂದು ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಕಂಡುಹಿಡಿಯುವುದು ಇವುಗಳಿಗೆ ಲಿಬ್‌ಯುವಿ ಒಂದು ಥ್ರೆಡ್ ಪೂಲ್ ಇಟ್ಟುಕೊಂಡಿದೆ. ನಾವಾಗಿ ಬದಲಾಯಿಸದಿದ್ದರೆ ಅದರಲ್ಲಿರುವ ಥ್ರೆಡ್ಡುಗಳು ಬರೀ ನಾಲ್ಕು. ಹದಿನಾರು ಕೋರುಗಳ ಯಂತ್ರದಲ್ಲೂ ನಾಲ್ಕೇ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಒಂದು ಪಾಸ್‌ವರ್ಡಿನ ಹ್ಯಾಶ್‌ಗೆ 100 ಮಿಲಿಸೆಕೆಂಡ್ ಬೇಕು ಎಂದಿಟ್ಟುಕೊಳ್ಳೋಣ. ಕದಿಯುವವರಿಗೆ ಕಷ್ಟವಾಗಲಿ ಎಂದು ಬೇಕೆಂದೇ ನಿಧಾನವಾಗಿ ಮಾಡಿರುವ ಲೆಕ್ಕ ಅದು. ನಾಲ್ಕು ಥ್ರೆಡ್ ಸೇರಿ ಸೆಕೆಂಡಿಗೆ 40 ಹ್ಯಾಶ್ ಮುಗಿಸಬಲ್ಲವು. ಬೆಳಿಗ್ಗೆ ಕಚೇರಿ ಶುರುವಾಗುವ ಹೊತ್ತಿಗೆ 200 ಜನ ಒಂದೇ ಸೆಕೆಂಡಿನಲ್ಲಿ ಲಾಗಿನ್ ಒತ್ತಿದರೆ ಕೊನೆಯವರ ಸರದಿ ಬರಲು ಐದು ಸೆಕೆಂಡ್. ಇದು ಊಹಿಸಬಹುದಾದದ್ದೇ. ಊಹೆಗೆ ಬಾರದ ಸಂಗತಿ ಮುಂದಿನದು. ಆ ಐದು ಸೆಕೆಂಡಿನಲ್ಲಿ ಯಾರೋ ಹಣ ಪಾವತಿಗೆ ಹೊರಟಿದ್ದಾರೆ. ಸರ್ವರ್ ಪೇಮೆಂಟ್ ಗೇಟ್‌ವೇಯನ್ನು ಸಂಪರ್ಕಿಸಬೇಕು, ಅದಕ್ಕೆ ಮೊದಲು ಅದರ ವಿಳಾಸ ತಿಳಿಯಬೇಕು, ಆ ವಿಚಾರಣೆಯೂ ಅದೇ ನಾಲ್ಕು ಥ್ರೆಡ್ಡುಗಳ ಬಾಗಿಲಲ್ಲಿ ನಿಲ್ಲಬೇಕು. ಲಾಗ್ ನೋಡಿದರೆ ಪೇಮೆಂಟ್ ಗೇಟ್‌ವೇಗೆ ಹೋದ ಕರೆ ಐದು ಸೆಕೆಂಡ್ ತೆಗೆದುಕೊಂಡಿದೆ ಎಂದು ಕಾಣುತ್ತದೆ. ಆ ಕಂಪನಿಗೆ ಖಾರವಾದ ಮೇಲ್ ಹೋಗುತ್ತದೆ. ಅವರು ತಮ್ಮ ಗ್ರಾಫ್ ತೋರಿಸಿ ನಮ್ಮಲ್ಲಿ ಎಲ್ಲ ಸರಿಯಿದೆ ಎನ್ನುತ್ತಾರೆ, ಅವರು ಹೇಳುವುದು ನಿಜವೂ ಹೌದು. ಇವೆಂಟ್ ಲೂಪ್ ಅಳೆದು ನೋಡಿದರೆ ಅದೂ ಬಿಡುವಾಗಿಯೇ ಇರುತ್ತದೆ. ಇಕ್ಕಟ್ಟು ಇರುವುದು ಯಾರೂ ಗ್ರಾಫ್ ಹಾಕಿರದ ಆ ನಾಲ್ಕು ಥ್ರೆಡ್ಡುಗಳಲ್ಲಿ. ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ಬದಲಿಸಿ ಅವುಗಳ ಸಂಖ್ಯೆ ಹೆಚ್ಚಿಸಬಹುದು. ಆದರೆ ಹ್ಯಾಶ್ ಸಿಪಿಯು ತಿನ್ನುವ ಕೆಲಸವಾದ್ದರಿಂದ ಕೋರುಗಳ ಸಂಖ್ಯೆಯನ್ನು ಮೀರಿ ಏರಿಸಿ ಲಾಭವಿಲ್ಲ. ಲಾಗಿನ್ ಕೆಲಸವನ್ನೇ ಪ್ರತ್ಯೇಕ ಪ್ರೊಸೆಸ್ಸಿಗೆ ಕೊಡುವುದು ಇನ್ನೂ ಒಳ್ಳೆಯದು.

ಡೇಟಾಬೇಸಿನ ಬಾಗಿಲಲ್ಲೂ ಇಂಥದ್ದೇ ಸರದಿ ಇರುತ್ತದೆ. ಪೋಸ್ಟ್‌ಗ್ರೆಸ್ ಜೊತೆ ಮಾತಾಡಲು ನೋಡ್‌ನಲ್ಲಿ ಹೆಚ್ಚಾಗಿ ಬಳಸುವ ಲೈಬ್ರರಿಯ ಕನೆಕ್ಷನ್ ಪೂಲ್‌ನಲ್ಲಿ ಮೂಲತಃ ಹತ್ತು ಕನೆಕ್ಷನ್ ಇರುತ್ತವೆ. ಒಂದು ಕ್ವೆರಿಗೆ 50 ಮಿಲಿಸೆಕೆಂಡ್ ಆದರೆ ಒಂದು ಕನೆಕ್ಷನ್ ಸೆಕೆಂಡಿಗೆ 20 ಕ್ವೆರಿ, ಹತ್ತು ಸೇರಿ 200. ಸೆಕೆಂಡಿಗೆ 180 ಬರುತ್ತಿರುವವರೆಗೆ ಎಲ್ಲರಿಗೂ ನೆಮ್ಮದಿ. 220 ಬರತೊಡಗಿದರೆ ಪ್ರತಿ ಸೆಕೆಂಡಿಗೂ 20 ಕ್ವೆರಿ ಬಾಕಿ ಉಳಿಯುತ್ತವೆ, ಆ ಬಾಕಿ ತಾನಾಗಿ ಕರಗುವುದಿಲ್ಲ. ಒಳಗಿರುವವರ ಸಂಖ್ಯೆ ಎಂದರೆ ಬರುವ ವೇಗವನ್ನು ಒಬ್ಬೊಬ್ಬರು ಇರುವ ಸಮಯದಿಂದ ಗುಣಿಸಿದಷ್ಟು ಎಂಬುದನ್ನು ಜಾನ್ ಲಿಟಲ್ 1961ರಲ್ಲಿ ಗಣಿತವಾಗಿ ಸಾಧಿಸಿ ತೋರಿಸಿದ್ದರು. ಅಂಗಡಿಯ ಸಾಲಿಗಾಗಲಿ ಸರ್ವರಿಗಾಗಲಿ ಆ ನಿಯಮ ಬದಲಾಗುವುದಿಲ್ಲ. ಸಂಚಾರ ಶೇಕಡಾ ಇಪ್ಪತ್ತರಷ್ಟು ಹೆಚ್ಚಿದಾಗ ವಿಳಂಬವೂ ಇಪ್ಪತ್ತರಷ್ಟೇ ಹೆಚ್ಚುತ್ತದೆ ಎಂದು ನಂಬಿದವರು ಇಲ್ಲಿ ದಿಕ್ಕೆಡುತ್ತಾರೆ. ಮಿತಿ ದಾಟಿದ ಕ್ಷಣದಿಂದ ಅದು ನಿಲ್ಲದೆ ಏರುತ್ತದೆ.

ಪೂಲ್ ದೊಡ್ಡದು ಮಾಡಿದರೆ ಆಯಿತಲ್ಲ ಎನ್ನಬಹುದು. ಎಂಟು ಪ್ರೊಸೆಸ್ ಓಡಿಸುತ್ತ ಒಂದೊಂದಕ್ಕೂ ಇಪ್ಪತ್ತು ಕನೆಕ್ಷನ್ ಕೊಟ್ಟರೆ 160 ಆಯಿತು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಒಪ್ಪುವುದು ನೂರನ್ನು. ಅದಕ್ಕಿಂತ ಆ 50 ಮಿಲಿಸೆಕೆಂಡಿನ ಕ್ವೆರಿಗೆ ಇಂಡೆಕ್ಸ್ ಇಲ್ಲವೇ ಎಂದು ನೋಡುವುದು ಮೇಲು. 5 ಮಿಲಿಸೆಕೆಂಡಿಗೆ ಇಳಿದರೆ ಅದೇ ಹತ್ತು ಕನೆಕ್ಷನ್ ಸೆಕೆಂಡಿಗೆ ಎರಡು ಸಾವಿರ ಕ್ವೆರಿ ತಡೆದುಕೊಳ್ಳುತ್ತವೆ. ಹಾಗೆಯೇ ನೋಡಬೇಕಾದದ್ದು, ಫಾರ್ ಲೂಪಿನೊಳಗೆ ಅವೇಟ್ ಹಾಕಿ, ಐವತ್ತು ಆರ್ಡರುಗಳ ಗ್ರಾಹಕರನ್ನು ಒಬ್ಬೊಬ್ಬರಾಗಿ ಐವತ್ತು ಕ್ವೆರಿಯಲ್ಲಿ ತರುವ ಕೋಡ್. ಅದನ್ನು ಪ್ರಾಮಿಸ್ ಆಲ್‌ಗೆ ಬದಲಿಸಿ ಐವತ್ತನ್ನೂ ಒಟ್ಟಿಗೆ ಬಿಟ್ಟರೆ ಆ ಒಂದು ರಿಕ್ವೆಸ್ಟಿಗೆ ವೇಗ ಸಿಗುತ್ತದೆ, ಪೂಲ್ ಮಾತ್ರ ಒಬ್ಬರಿಂದಲೇ ತುಂಬಿಹೋಗುತ್ತದೆ. ಒಂದೇ ಕ್ವೆರಿಯಲ್ಲಿ ಐವತ್ತೂ ಹೆಸರು ಕೇಳುವುದೇ ಇದಕ್ಕೆ ಸರಿಯಾದ ಪರಿಹಾರ.

ಮೆಮೊರಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ. ವಿ8 ಹೊಸ ವಸ್ತುಗಳನ್ನು ಒಂದು ಸಣ್ಣ ಜಾಗದಲ್ಲಿಟ್ಟು ಪದೇಪದೇ ಗುಡಿಸುತ್ತದೆ, ಉಳಿದುಕೊಂಡವನ್ನು ಹಳೆಯ ವಸ್ತುಗಳ ದೊಡ್ಡ ಜಾಗಕ್ಕೆ ಸಾಗಿಸುತ್ತದೆ. ಮಿತಿಯಿಲ್ಲದೆ ಬೆಳೆಯುವ ಕ್ಯಾಶ್ ಒಂದಿದ್ದರೆ ಆ ದೊಡ್ಡ ಜಾಗ ತುಂಬುತ್ತದೆ, ಗುಡಿಸುವ ಕೆಲಸ ಹೆಚ್ಚುತ್ತದೆ, ಸಿಪಿಯು ಅದರಲ್ಲೇ ಕಳೆಯುತ್ತದೆ. ಹೀಪ್, ಅಂದರೆ ಈ ವಸ್ತುಗಳಿಗಿರುವ ಒಟ್ಟು ಮೆಮೊರಿಯ ಮಿತಿಯನ್ನು ದುಪ್ಪಟ್ಟು ಮಾಡಿದರೆ ಕುಸಿತ ಮುಂದಕ್ಕೆ ಹೋಗುತ್ತದೆ, ತಪ್ಪುವುದಿಲ್ಲ.

ಇಷ್ಟೆಲ್ಲ ಸಾಧ್ಯತೆಗಳಿರುವಾಗ ಊಹೆಯಿಂದ ಕಾರಣ ಹುಡುಕುವುದು ವ್ಯರ್ಥ. ಅಳೆಯಬೇಕು, ಅಳೆಯುವಾಗಲೂ ಸರಾಸರಿಯನ್ನು ನಂಬಬಾರದು. 99 ರಿಕ್ವೆಸ್ಟ್ 20 ಮಿಲಿಸೆಕೆಂಡಿನಲ್ಲಿ ಮುಗಿದು ಒಂದಕ್ಕೆ ಎರಡು ಸೆಕೆಂಡ್ ಹಿಡಿದರೆ ಸರಾಸರಿ 40 ಮಿಲಿಸೆಕೆಂಡ್ ಕೂಡ ಆಗುವುದಿಲ್ಲ. ಆ ನೂರನೆಯವರ ಸಂಕಟ ಲೆಕ್ಕದಲ್ಲಿ ಕಾಣೆ. ಗೂಗಲ್‌ನ ಜೆಫ್ರಿ ಡೀನ್ ಮತ್ತು ಲೂಯಿಸ್ ಬರೋಸೊ 2013ರ ಲೇಖನವೊಂದರಲ್ಲಿ ಇದನ್ನು ಮನದಟ್ಟಾಗುವಂತೆ ತೋರಿಸಿದ್ದಾರೆ. ಒಂದು ಸರ್ವರ್ ನೂರಕ್ಕೆ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ಹೆಚ್ಚು ತಡ ಮಾಡುತ್ತದೆ ಎನ್ನಿ. ಒಂದು ಪುಟ ತಯಾರಾಗಲು ಅಂಥ ನೂರು ಸರ್ವರುಗಳನ್ನು ಕೇಳಬೇಕಾದರೆ, ನೂರರಲ್ಲಿ 63 ಬಳಕೆದಾರರಿಗೆ ಆ ತಡ ತಟ್ಟುತ್ತದೆ. ಒಂದು ಪುಟ್ಟ ಕೆಲಸವನ್ನೂ ಹತ್ತಾರು ಮೈಕ್ರೋಸರ್ವಿಸ್‌ಗಳಾಗಿ ಒಡೆಯುವ ಮೊದಲು ಈ ಲೆಕ್ಕವನ್ನು ಪ್ರತಿ ತಂಡವೂ ಗೋಡೆಗೆ ಅಂಟಿಸಿಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ನೆಟ್‌ಫ್ಲಿಕ್ಸ್‌ನವರಿಗೆ ದಾರಿ ತೋರಿಸಿದ್ದು ಫ್ಲೇಮ್ ಗ್ರಾಫ್ ಎಂಬ ಚಿತ್ರ. ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ ವಿಧಾನ ಅದು. ಓಡುತ್ತಿರುವ ಪ್ರೋಗ್ರಾಮನ್ನು ಸೆಕೆಂಡಿಗೆ ಹಲವಾರು ಸಲ ತಡೆದು, ಈಗ ಯಾವ ಫಂಕ್ಷನ್ ಓಡುತ್ತಿದೆ, ಅದನ್ನು ಕರೆದವರು ಯಾರು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಒಂದರ ಮೇಲೊಂದು ಪಟ್ಟಿಗಳಾಗಿ ಜೋಡಿಸುತ್ತಾರೆ. ಪಟ್ಟಿ ಅಗಲವಾದಷ್ಟೂ ಆ ಫಂಕ್ಷನ್ನಿನಲ್ಲಿ ಕಳೆದ ಸಮಯ ಹೆಚ್ಚು. ನೆಟ್‌ಫ್ಲಿಕ್ಸ್ ಚಿತ್ರದಲ್ಲಿ ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಫ್ರೇಮ್‌ವರ್ಕಿನ ರೂಟರ್ ತನ್ನನ್ನು ತಾನೇ ಮತ್ತೆಮತ್ತೆ ಕರೆಯುತ್ತ ಎತ್ತರಕ್ಕೆ ಬೆಳೆದಿತ್ತು. ಯಾವ ವಿಳಾಸಕ್ಕೆ ಯಾವ ಕೋಡ್ ಎಂಬ ಪಟ್ಟಿಯನ್ನು ಎಕ್ಸ್‌ಪ್ರೆಸ್ ಒಂದು ಸರಳ ಅರೇಯಲ್ಲಿ ಇಡುತ್ತದೆ. ರಿಕ್ವೆಸ್ಟ್ ಬಂದಾಗಲೆಲ್ಲ ಮೊದಲಿನಿಂದ ಒಂದೊಂದನ್ನೇ ನೋಡುತ್ತ ಹೋಗುತ್ತದೆ. ಅದೇ ನಮೂದು ಎರಡು ಸಲ ಸೇರಿದರೂ ಆಕ್ಷೇಪಿಸುವುದಿಲ್ಲ. ನೆಟ್‌ಫ್ಲಿಕ್ಸ್‌ನ ಕೋಡ್ ಆ ಪಟ್ಟಿಯನ್ನು ಆಗಾಗ ಹೊಸದಾಗಿ ತುಂಬುತ್ತಿತ್ತು. ಪ್ರತಿ ಸಲ ತುಂಬುವಾಗ ಸ್ಟ್ಯಾಟಿಕ್ ಫೈಲ್ ಕೊಡುವ ಒಂದು ನಮೂದು ಹಳೆಯದು ಅಳಿಯದೆಯೇ ಮತ್ತೊಮ್ಮೆ ಸೇರುತ್ತಿತ್ತು, ಗಂಟೆಗೆ ಹತ್ತು ಸಲ. ಒಂದೊಂದನ್ನು ದಾಟಲು ಸುಮಾರು ಒಂದು ಮಿಲಿಸೆಕೆಂಡ್. ಅಲ್ಲಿಗೆ ಗಂಟೆಗೆ ಹತ್ತು ಮಿಲಿಸೆಕೆಂಡಿನ ಲೆಕ್ಕ ಸರಿಹೋಯಿತು. ಡೇಟಾಬೇಸ್, ನೆಟ್‌ವರ್ಕ್, ಮೆಮೊರಿ ಯಾವುದೂ ಅಲ್ಲ. ಯಾರೂ ಬರೆದೆ ಎಂದು ನೆನಪಿಟ್ಟುಕೊಳ್ಳದಂಥ ಒಂದು ಸಾಲು.

ಇಂಥ ಚಿತ್ರ ತೆಗೆಯಲು ಇಂದು ವಿಶೇಷ ಪರಿಣತಿ ಬೇಕಿಲ್ಲ. ನೋಡ್‌ನಲ್ಲೇ ಸಿಪಿಯು ಪ್ರೊಫೈಲರ್ ಇದೆ, ಅದರ ಫಲಿತಾಂಶವನ್ನು ಕ್ರೋಮ್ ಬ್ರೌಸರಿನಲ್ಲಿ ತೆರೆದು ನೋಡಬಹುದು. ಇವೆಂಟ್ ಲೂಪ್ ಎಷ್ಟು ತಡವಾಗಿ ತಿರುಗುತ್ತಿದೆ ಎಂದು ಅಳೆಯುವ ಸೌಲಭ್ಯವೂ ಪರ್ಫ್ ಹುಕ್ಸ್ ಮಾಡ್ಯೂಲಿನಲ್ಲಿ ಸಿದ್ಧವಾಗಿದೆ. ಮೊದಲು ಅದನ್ನು ನೋಡಿ. ಲೂಪ್ ತಡವಾಗುತ್ತಿದ್ದರೆ ಫ್ಲೇಮ್ ಗ್ರಾಫ್ ತೆಗೆಯಿರಿ. ಲೂಪ್ ಬಿಡುವಾಗಿದ್ದೂ ಉತ್ತರ ತಡವಾದರೆ ಡೇಟಾಬೇಸ್, ಪೂಲ್, ಥ್ರೆಡ್ಡುಗಳ ಕಡೆ ನಡೆಯಿರಿ. ಅರ್ಧ ಗಂಟೆಯ ಈ ಕೆಲಸ ಮಾಡದೆಯೇ ಇಡೀ ವ್ಯವಸ್ಥೆಯನ್ನು ಗೋ ಅಥವಾ ರಸ್ಟ್ ಭಾಷೆಗೆ ಬದಲಿಸುವ ನಿರ್ಧಾರ ತೆಗೆದುಕೊಳ್ಳುವುದು ನನಗೆ ಬೇಸರ ತರಿಸುತ್ತದೆ. 200 ಮಿಲಿಸೆಕೆಂಡಿನ ರಿಕ್ವೆಸ್ಟಿನಲ್ಲಿ 180 ಡೇಟಾಬೇಸಿಗಾಗಿ ಕಾಯುವುದೇ ಆದರೆ, ಉಳಿದ ಕೋಡ್ ಎರಡು ಪಟ್ಟು ವೇಗವಾದರೂ ಬಳಕೆದಾರನಿಗೆ ಸಿಗುವುದು 190. ನಿಜಕ್ಕೂ ಸಿಪಿಯು ತಿನ್ನುವ ಕೆಲಸವಿದ್ದರೆ 2018ರಿಂದ ನೋಡ್‌ನಲ್ಲೇ ವರ್ಕರ್ ಥ್ರೆಡ್‌ಗಳಿವೆ. ಚಿತ್ರ ಕುಗ್ಗಿಸುವುದು, ದೊಡ್ಡ ವರದಿ ತಯಾರಿಸುವುದು ಇಂಥವನ್ನು ಅಲ್ಲಿಗೆ ಕಳಿಸಬಹುದು. ಚಿಕ್ಕಪುಟ್ಟ ಕೆಲಸಗಳನ್ನು ಕಳಿಸಿದರೆ ಡೇಟಾ ನಕಲು ಮಾಡುವ ಖರ್ಚೇ ಹೆಚ್ಚಾದೀತು.

ಕನ್ನಡದಲ್ಲಿ ತಾಣ ನಡೆಸುವವರಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತೊಂದಿದೆ. ವಿ8 ಎಂಜಿನ್ ಪಠ್ಯವನ್ನು ಎರಡು ರೀತಿ ಇಟ್ಟುಕೊಳ್ಳುತ್ತದೆ. ಎಲ್ಲವೂ ಲ್ಯಾಟಿನ್ ಅಕ್ಷರಗಳಾದರೆ ಅಕ್ಷರಕ್ಕೆ ಒಂದು ಬೈಟ್. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಪಠ್ಯಕ್ಕೆ ಎರಡೆರಡು ಬೈಟ್. ಇಂಗ್ಲಿಷಿನಲ್ಲೇ ಇರುವ 30 ಎಂಬಿಯ ಜೇಸನ್ನಿನಲ್ಲಿ ಒಬ್ಬರ ಹೆಸರು ಕನ್ನಡದಲ್ಲಿದ್ದರೆ ಮೆಮೊರಿಯಲ್ಲಿ ಅದು 60 ಎಂಬಿ. ದೊಡ್ಡ ಜೇಸನ್ನನ್ನು ಒಂದೇ ಪಠ್ಯವಾಗಿ ಹಿಡಿದಿಡದೆ ತುಂಡುತುಂಡಾಗಿ ಸ್ಟ್ರೀಮ್ ಮಾಡಲು ನಮಗೆ ಇದು ಇನ್ನೊಂದು ಕಾರಣ. ಇನ್ನು ನೆಟ್‌ವರ್ಕಿನಲ್ಲಿ ಹೋಗುವಾಗ ಯುಟಿಎಫ್-8 ರೂಪದಲ್ಲಿ ನಮ್ಮ ಪ್ರತಿಯೊಂದು ಅಕ್ಷರಚಿಹ್ನೆಗೂ ಮೂರು ಬೈಟ್. ‘ಕನ್ನಡ’ ಎಂಬ ಪದಕ್ಕೆ ಹದಿನೈದು. ಆದರೆ ಆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಇಷ್ಟು ಪುನರಾವರ್ತನೆ ಇರುವುದರಿಂದ ಕನ್ನಡ ಪಠ್ಯ ಜಿಜಿಪ್‌ನಲ್ಲಿ ಚೆನ್ನಾಗಿ ಕುಗ್ಗುತ್ತದೆ. ಹಳ್ಳಿಯ ದುರ್ಬಲ ಸಿಗ್ನಲ್‌ನಲ್ಲಿ ಸುದ್ದಿ ಓದುವವರಿಗೆ ಅದರಿಂದ ಬಹಳ ಉಪಕಾರವಿದೆ, ತಪ್ಪದೆ ಮಾಡಬೇಕು. ಆ ಕೆಲಸವನ್ನು ನೋಡ್‌ಗೇ ವಹಿಸಿದರೆ ಅದು ಹೋಗಿ ಸೇರುವುದು ಲಾಗಿನ್ ಹ್ಯಾಶ್‌ಗಳು ಸರದಿ ನಿಂತಿರುವ ಅದೇ ನಾಲ್ಕು ಥ್ರೆಡ್ಡುಗಳಿಗೆ. ಒಮ್ಮೆ ಪ್ರಕಟವಾದ ಲೇಖನ ದಿನಕ್ಕೆ ಸಾವಿರ ಸಲ ಬದಲಾಗುವುದಿಲ್ಲವಾದ್ದರಿಂದ ಪ್ರಕಟಿಸುವ ಹೊತ್ತಿಗೇ ಕುಗ್ಗಿಸಿ ಇಟ್ಟುಕೊಳ್ಳಬಹುದು. ಬದಲಾಗುವ ಪುಟಗಳ ಕುಗ್ಗಿಸುವಿಕೆಯನ್ನು ನೋಡ್‌ನ ಮುಂದೆ ನಿಂತಿರುವ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರಿಗೆ ಬಿಡಬಹುದು.